ನಿಲ್ಲಿಸಿಟ್ಟ ಆಟ

ಅವಳು ಎಲ್ಲ ವಿಷಯಗಳಲ್ಲೂ ಪಾಸಾಗಿದ್ದಳು, ಅದೂ ಅಂತಿಂಥ ಪಾಸಲ್ಲ. ಗಾಜಿನ ಹಲಗೆಯ ಹಿಂದೆ ಅಂಟಿಸಿದ್ದ ಹಾಳೆಯಲ್ಲಿ ತನ್ನ ನಂಬರಿನ ಮುಂದಿದ್ದ ಅಂಕಗಳನ್ನು ಎಡದಿಂದ ಬಲಕ್ಕೆ ಒಮ್ಮೆ, ಬಲದಿಂದ ಎಡಕ್ಕೆ ಒಮ್ಮೆ ಓದಿದಳು. ಯಾವ ಕಡೆಯಿಂದ ಓದಿದರೂ ಅಷ್ಟೇ ಇದ್ದವು. ಹೋದ ಸೆಮಿಸ್ಟರ್‌ನಲ್ಲಿ ಮೂರು ವಿಷಯಗಳಲ್ಲಿ ಡುಮ್ಕಿ ಹೊಡೆದವಳು ಈ ಸಲ ಆ ಮೂರನ್ನೂ ದಾಟಿ, ಹೊಸ ವಿಷಯಗಳಲ್ಲಿ ಜಾಣರ ಸಾಲಿಗೆ ಬಂದು ಕೂತಿದ್ದಳು. ಹಿಂದಿನಿಂದ ತಳ್ಳುತ್ತಿದ್ದ ಹುಡುಗನೊಬ್ಬ ನಿಂದು ನೋಡಿ ಆಯ್ತಲ್ಲ, ಜಾಗ ಬಿಡು ಎಂದ. ಬಿಟ್ಟಳು. ಒಂದರಲ್ಲಾದರೂ ಹೋಗಿದ್ದರೆ ಇವತ್ತಿನ ಸಂಜೆಯನ್ನು ಮುಂದಕ್ಕೆ ತಳ್ಳಬಹುದಿತ್ತು. ರಿಸಲ್ಟ್ ಬರಲಿ, ಆಮೇಲೆ ನಾವಿಬ್ಬರೂ ಸ್ಟುಡಿಯೋಕ್ಕೆ ಹೋಗಿ ಚೆಸ್ ಬೋರ್ಡ್ ತರೋಣ ಎಂದು ಅಪ್ಪ ಹೇಳಿಟ್ಟಿದ್ದ. ಈಗ ರಿಸಲ್ಟ್ ಬಂದಿತ್ತು.

ಮೆಟ್ಟಿಲ ಬಳಿ ಸಂಖ್ಯಾಶಾಸ್ತ್ರದ ಮೇಷ್ಟ್ರು ಎದುರಾದರು. ಕೈಯಲ್ಲಿದ್ದ ಟೀ ಲೋಟವನ್ನು ಸ್ವಲ್ಪ ಮೇಲಕ್ಕೆತ್ತಿ, ನೋಡಿದೆ ನೋಡಿದೆ, ನಿಮ್ಮಪ್ಪನಿಗೆ ನಾನು ಅವತ್ತೇ ಹೇಳಿರಲಿಲ್ಲವೇ ಎಂದರು. ಹೇಳಿದ್ದರು. ಫೇಲಾದವರ ಮನೆಯವರನ್ನೆಲ್ಲ ಕರೆಸಿದ ಆ ದಿನ ಅಪ್ಪ ಅಂಗಡಿಯ ಬಿಳಿ ಕೋಟನ್ನು ಕಳಚಿಡುವುದನ್ನು ಮರೆತು ಹಾಗೇ ಬಂದಿದ್ದ. ಕಾರಿಡಾರಿನಲ್ಲಿ ಹುಡುಗರು ಯಾರೋ ಡಾಕ್ಟರು ಬಂದರೆಂದು ದಾರಿ ಬಿಟ್ಟರು. ಅಪ್ಪ ಕನ್ನಡಕದಂಗಡಿಯಲ್ಲಿ ಗಾಜು ಸಾಣೆ ಹಿಡಿದು ಫ್ರೇಮಿಗೆ ಕೂರಿಸುವವನು. ಅವನು ಡಾಕ್ಟರಲ್ಲ ಎಂದು ಗೊತ್ತಿದ್ದ ಮೇಷ್ಟ್ರು ಅವನನ್ನು ಕೂತುಕೊಳ್ಳಿ ಎನ್ನಲಿಲ್ಲ. ಮೂರು ಪೇಪರುಗಳನ್ನು ಮುಂದಕ್ಕೆ ತಳ್ಳಿ, ಹುಡುಗಿಗೆ ಬುದ್ಧಿ ಇಲ್ಲ ಅಂತಲ್ಲ, ಇಂಥವರ ಎದುರಿಗೆ ಮನೆಯಲ್ಲಿ ಒಬ್ಬರು ಕೂತು ಓದಿಸಬೇಕು ಎಂದರು. ಅಪ್ಪ ಆ ಪೇಪರುಗಳನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಬೆಳಕಿನ ಕಡೆ ಓರೆ ಮಾಡಿದ. ಗಾಜಿನಲ್ಲಿ ಗೀರು ಬಿದ್ದಿದೆಯೇ ಎಂದು ನೋಡುವ ಕಸುಬಿನ ಅಭ್ಯಾಸ ಅದು. ಅವಳ ಪೇಪರಿನ ಗೀರುಗಳು ಬಾಗಿಲಿಂದಲೇ ಕಾಣುತ್ತಿದ್ದವು, ಎಲ್ಲವೂ ಕೆಂಪು. ಮನೆಗೆ ಬರುವ ದಾರಿಯಲ್ಲಿ ಅವನು ಬೈಯಲಿಲ್ಲ. ಬೈದಿದ್ದರೆ ಅವಳು ಬದುಕಿಕೊಳ್ಳುತ್ತಿದ್ದಳು. ನಾಳೆಯಿಂದ ನಾನು ಕೂರ್ತೀನಿ ಎಂದಷ್ಟೇ ಹೇಳಿದ.

ಕೂರುತ್ತೇನೆ ಎಂದವನು ಕೂತೇ ಬಿಟ್ಟ. ಅವಳು ಹುಟ್ಟುವುದಕ್ಕೂ ಮುಂಚಿನಿಂದ ಅಪ್ಪನ ಸಂಜೆಗಳೆಲ್ಲ ಅಡ್ಡರಸ್ತೆಯ ಫೋಟೋ ಸ್ಟುಡಿಯೋಕ್ಕೆ ಸೇರಿದ್ದವು. ಅದರ ಮಾಲೀಕನನ್ನು ಅವಳು ಸ್ಟುಡಿಯೋ ಮಾವ ಎನ್ನುತ್ತಿದ್ದಳು, ಅಪ್ಪ ಬರೀ ಸ್ಟುಡಿಯೋ ಎಂದೇ ಕರೆಯುತ್ತಿದ್ದ. ಅವನು ಅಪ್ಪನನ್ನು ಭೂತಗನ್ನಡಿ ಎನ್ನುತ್ತಿದ್ದ. ಇಬ್ಬರೂ ಚೆಸ್ ಆಡುತ್ತಿದ್ದರು. ಆಡುತ್ತಿದ್ದರು ಎನ್ನುವುದಕ್ಕಿಂತ ಬೋರ್ಡನ್ನು ನೋಡುತ್ತ ಕೂರುತ್ತಿದ್ದರು ಎನ್ನುವುದು ಸರಿ. ಒಂದು ಆಟ ಒಂದು ವಾರ ನಡೆಯುತ್ತಿತ್ತು. ಕಾಲೇಜಿನಿಂದ ಬಂದ ಆ ಸಂಜೆ ಅಪ್ಪ ಸ್ಟುಡಿಯೋಕ್ಕೆ ಹೋಗಿ, ನಡೆಯುತ್ತಿದ್ದ ಆಟವನ್ನು ಹಾಗೇ ಇಟ್ಟಿರು, ಮಗಳ ಸೆಮಿಸ್ಟರ್ ಮುಗಿಯಲಿ ಎಂದು ಹೇಳಿ ಬಂದ. ಗೆಲ್ಲುವ ಆಟವನ್ನು ಬಿಟ್ಟು ಬಂದಿದ್ದೇನೆ, ಇನ್ನೆರಡು ನಡೆ ನಡೆದಿದ್ದರೆ ಅವನ ಮಂತ್ರಿ ನನ್ನ ಜೇಬಲ್ಲಿ ಎಂದು ಅಮ್ಮನ ಹತ್ತಿರ ಹೇಳುತ್ತಿದ್ದುದು ಅವಳ ಕಿವಿಗೂ ಬಿದ್ದಿತ್ತು. ಮರುದಿನದಿಂದ ಮೇಜಿನ ಆಚೆ ಪ್ಲಾಸ್ಟಿಕ್ ಕುರ್ಚಿ ಬಂತು. ಅಪ್ಪ ಅದರಲ್ಲಿ ಮೊಣಕಾಲ ಮೇಲೆ ಎರಡೂ ಕೈ ಊರಿ ಕೂತ. ಪೇಪರು ಓದಲಿಲ್ಲ, ಅವಳ ಗಮನ ಕೆಡುತ್ತದೆಂದು. ತೂಕಡಿಸಲಿಲ್ಲ, ಅದು ಮೋಸವೆಂದು. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುವುದು ಎನ್ನುತ್ತಾರಲ್ಲ, ಅದನ್ನು ಅವಳು ಆಗಲೇ ಮೊದಲ ಸಲ ಕಂಡದ್ದು. ಅವನು ನೋಡುತ್ತಿದ್ದಾನೆ ಎಂದ ಕೂಡಲೇ ಅಕ್ಷರಗಳು ಮುಷ್ಕರ ಹೂಡಿದವರಂತೆ ಕೈಕಟ್ಟಿ ನಿಲ್ಲುತ್ತಿದ್ದವು. ಒಂದು ಪುಟ ಓದಲು ಸಾಮಾನ್ಯವಾಗಿ ಎಷ್ಟು ಹೊತ್ತು ಬೇಕೆಂದು ಅಂದಾಜು ಮಾಡಿಕೊಂಡು ಅಷ್ಟು ಹೊತ್ತಿಗೆ ತಿರುಗಿಸುತ್ತಿದ್ದಳು. ಒಮ್ಮೆ ಎರಡು ಪುಟ ಅಂಟಿಕೊಂಡು ಒಟ್ಟಿಗೆ ತಿರುಗಿದಾಗ, ಒಂದು ಪುಟ ಬಿಟ್ಟೆ ನೋಡು ಎಂದ. ಅಮ್ಮ ಆಸ್ಪತ್ರೆಯ ಸಂಜೆ ಪಾಳಿ ಮುಗಿಸಿ ಬಂದಾಗ ಇಬ್ಬರೂ ಬಾಡಿದ ಮುಖ ಹೊತ್ತು ಎದುರುಬದುರು ಕೂತಿರುತ್ತಿದ್ದರು. ನಿಮ್ಮಿಬ್ಬರಲ್ಲಿ ಪರೀಕ್ಷೆ ಯಾರಿಗೆ ಎಂದು ಕೇಳಿ ಅಮ್ಮ ಕೈಕಾಲು ತೊಳೆಯಲು ಹೋಗುತ್ತಿದ್ದಳು.

ಬಸ್ಸು ಬಂತು, ಹತ್ತಿದಳು. ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ದಿನವೂ ಸಿಗದಿದ್ದದ್ದು ಇವತ್ತೇ ಸಿಗಬೇಕೇ ಎಂದು ಅದರ ಮೇಲೂ ಸಿಟ್ಟು ಬಂತು. ಈ ಬಸ್ಸಿನಲ್ಲೇ ಅಲ್ಲವೇ ತಾನು ಎರಡು ಸ್ಟಾಪು ಮೊದಲೇ ಇಳಿದು ಅಡ್ಡರಸ್ತೆಗೆ ತಿರುಗಿಕೊಳ್ಳುತ್ತಿದ್ದುದು. ಮೊದಲ ಸಲ ಹೋದದ್ದು ಪಾಸ್‌ಪೋರ್ಟ್ ಸೈಜಿನ ಫೋಟೋಕ್ಕೆ, ಫೇಲಾದ ವಿಷಯಗಳಿಗೆ ಮತ್ತೆ ಕಟ್ಟಲು ಕಾಲೇಜಿನವರು ಕೇಳಿದ್ದರು. ಫೇಲಾದವರ ಮುಖವನ್ನು ಹೊಸದಾಗಿ ನೋಡಿ ಅವರಿಗೇನಾಗಬೇಕಿತ್ತೋ. ಸ್ಟುಡಿಯೋ ಮಾವ ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ಬಲ್ಬು ಹೋಗಿದೆ ಇರು ಎಂದು ಹಿಂದಿನ ಕೋಣೆಗೆ ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ಮಾಡಲು ಕೆಲಸವಿಲ್ಲದೆ ಬ್ಯಾಗಿನಿಂದ ಪುಸ್ತಕ ತೆಗೆದಳು. ಹೊರಗೆ ಯಾರೋ ಸ್ಕೂಟರಿನ ಸ್ಟಾರ್ಟರ್ ತುಳಿಯುತ್ತಿದ್ದರು. ಆಮೇಲೆ ಅದೂ ಕೇಳಿಸಲಿಲ್ಲ. ಮಾವ ಬಲ್ಬು ಹಿಡಿದು ಬಂದಾಗ ಅವಳು ಇಡೀ ಅಧ್ಯಾಯ ಮುಗಿಸಿದ್ದಳು, ಮತ್ತು ಅದು ಅರ್ಥವಾಗಿತ್ತು. ಓಹ್, ನೀನಿನ್ನೂ ಇಲ್ಲೇ ಇದೀಯಾ ಎಂದರು ಅವರು. ಒಳಗೆ ಸ್ವಲ್ಪ ಒರಗಿದ್ದೆ, ಕಣ್ಣು ಹತ್ತಿಬಿಡ್ತು ಎಂದರು. ತೆಗೆದ ಫೋಟೋದಲ್ಲಿ ಅವಳು ಯಾವುದೋ ಒಳ್ಳೆಯ ಸುದ್ದಿ ಕೇಳಿದವಳಂತೆ ಕಾಣುತ್ತಿದ್ದಳು. ಮಾರನೆಯ ದಿನ ಫೋಟೋ ಇಸಿದುಕೊಳ್ಳುವ ನೆಪದಲ್ಲಿ ಹೋದಳು, ಅದರ ಮಾರನೆಯ ದಿನ ನೆಪ ಇಲ್ಲದೆ. ಮನೆಯಲ್ಲಿ ಲೈಬ್ರರಿ ಎಂದಳು.

ಮಾವನಿಗೆ ಅವಳನ್ನು ಓದಿಸುವ ಉಮೇದೇನೂ ಇರಲಿಲ್ಲ. ಏನು ಓದುತ್ತೀಯೆಂದು ಒಂದು ದಿನವೂ ಕೇಳಲಿಲ್ಲ. ಗೋಡೆಯ ಕಡೆ ಮುಖ ಮಾಡಿದ್ದ ಮೇಜಿನ ಮುಂದೆ ಅವಳಿಗೆ ಬೆನ್ನು ಹಾಕಿ ಕೂತು ಪುಟ್ಟ ಪುಟ್ಟ ಮುಖಗಳನ್ನು ಕತ್ತರಿಯಿಂದ ಬಿಡಿಸುತ್ತಿದ್ದರು. ಜೀವಮಾನವಿಡೀ ಮಂದಿ ಮುಖ ನೋಡಿದ್ದೇ ಆಯ್ತು, ಗಲ್ಲ ಎತ್ತು, ಕಣ್ಣು ಬಿಡು ಅಂದಿದ್ದೇ ಆಯ್ತು, ಯಾರನ್ನೂ ನೋಡ್ಬೇಕು ಅನ್ಸಲ್ಲ ಕಣಮ್ಮ ಎಂದಿದ್ದರು. ಅವಳಿಗೆ ಬೇಕಿದ್ದದ್ದು ಅದೇ, ಆದರೆ ಹಾಗೆಂದು ಯಾವ ಮೇಷ್ಟ್ರ ಹತ್ತಿರ ಹೇಳುವುದು. ಮೂಲೆಯ ಸಣ್ಣ ಮೇಜಿನ ಮೇಲೆ ಹಳೆಯ ಕ್ಯಾಮರಾದ ಕಪ್ಪು ಬಟ್ಟೆ ಹೊದಿಸಿದ ಚೆಸ್ ಬೋರ್ಡು ಇತ್ತು. ಒಂದು ದಿನ ಮಾವ ಕತ್ತರಿ ಆಡಿಸುತ್ತಲೇ, ತಿರುಗದೆ, ಭೂತಗನ್ನಡಿಗೆ ಹೇಳಬಾರದೇ, ಅವನೂ ಇಲ್ಲಿಗೇ ಬರಲಿ, ನಾವಿಬ್ಬರೂ ಆಡಿಕೊಂಡಿರುತ್ತೇವೆ, ನಿನ್ನ ಪಾಡಿಗೆ ನೀನು ಓದಿಕೋ ಎಂದರು. ಎಷ್ಟು ಸುಲಭದ ಮಾತು. ಆದರೆ ಅಪ್ಪ ಬಂದರೆ ಬೋರ್ಡನ್ನು ನೋಡುವುದಿಲ್ಲ, ತನ್ನನ್ನೇ ನೋಡುತ್ತಾನೆ, ಇರುವುದೊಂದು ಜಾಗವೂ ಹೋಗುತ್ತದೆ ಎಂದು ಅವಳ ಸ್ವಾರ್ಥ ಲೆಕ್ಕ ಹಾಕಿತು. ಪರೀಕ್ಷೆ ಮುಗೀಲಿ ಮಾವ ಎಂದಳು. ಅವರು ಇನ್ನೆರಡು ಮುಖಗಳನ್ನು ಕತ್ತರಿಸಿ ಕೆಳಗಿಟ್ಟು, ಆಯ್ತು, ಆಟ ಎಲ್ಲಿಗೆ ಹೋಗುತ್ತೆ ಎಂದರು.

ಪರೀಕ್ಷೆಗೆ ಸ್ವಲ್ಪ ಮುಂಚೆ, ಒಂದು ಶನಿವಾರ, ಮಾವ ಅಂಗಡಿಯನ್ನು ಅವಳ ಮೇಲೆ ಬಿಟ್ಟು ಯಾರಿಗೋ ಫೋಟೋ ಕೊಟ್ಟುಬರಲು ಹೋಗಿದ್ದರು. ಬಸ್ಸಿಗೆ ಹೊತ್ತಾಯಿತೆಂದು ಅವಳು ಬ್ಯಾಗನ್ನು ಹೆಗಲಿಗೆ ಎಸೆದುಕೊಂಡ ರಭಸಕ್ಕೆ ಅದು ಮೂಲೆಯ ಮೇಜಿಗೆ ಬಡಿಯಿತು. ಬಟ್ಟೆ ಜಾರಿತು, ಕಾಯಿಗಳು ಉರುಳಿದವು; ಎಲ್ಲವೂ ಅಲ್ಲ, ಒಂದು ಅಂಚಿನವು. ಚೆಸ್ಸಿನಲ್ಲಿ ಅವಳಿಗೆ ಗೊತ್ತಿದ್ದದ್ದು ಕುದುರೆ ಕುದುರೆಯ ಹಾಗಿರುತ್ತದೆ ಎಂಬುದೊಂದೇ. ನೆಲದಿಂದ ಆರಿಸಿ, ಇಲ್ಲಿ ಇದ್ದಿರಬಹುದು, ಇದು ಇಲ್ಲಿ ಎಂದು ಬಹುಆಯ್ಕೆಯ ಪ್ರಶ್ನೆಗೆ ಉತ್ತರ ಬರೆದ ಹಾಗೆ ಒಂದೊಂದನ್ನೇ ನಿಲ್ಲಿಸಿದಳು. ಬಟ್ಟೆ ಮೊದಲಿದ್ದ ಹಾಗೇ ಹೊದಿಸಿ, ಅಂಗಡಿಯ ಬಾಗಿಲೆಳೆದುಕೊಂಡು ಹೊರಟಳು. ಸೋಮವಾರ ಹೇಳಿಬಿಡಬೇಕು, ಮಾವನೇ ಸರಿಮಾಡಿಕೊಳ್ಳುತ್ತಾರೆ ಎಂದುಕೊಂಡಳು. ಭಾನುವಾರ ಬೆಳಿಗ್ಗೆ ಮಾವ ಹಾಸಿಗೆಯಿಂದ ಏಳಲಿಲ್ಲ. ಹೃದಯ ಎಂದರು. ಅಪ್ಪ ಸ್ಮಶಾನದವರೆಗೂ ಹೋಗಿ ಅವರನ್ನು ಕಳಿಸಿಕೊಟ್ಟು ಬಂದವನು ಶರ್ಟು ಬದಲಿಸಿ, ಅದೇ ಹೊತ್ತಿಗೆ, ಅದೇ ಕುರ್ಚಿಯಲ್ಲಿ ಮೊಣಕಾಲ ಮೇಲೆ ಕೈ ಊರಿ ಕೂತ. ಇವತ್ತು ಬೇಡ ಅಪ್ಪ ಎಂದಳು. ಮತ್ತೆ ಇಷ್ಟು ದಿನ ಕೂತಿದ್ದು ಯಾಕೆ, ಓದು ಎಂದ. ಅವಳು ಆ ಸಂಜೆ ಪುಟಗಳನ್ನು ತಿರುಗಿಸಿದಳು, ಒಂದೂ ಬಿಡದೆ. ಮಾವ ಶನಿವಾರ ವಾಪಸು ಬಂದು ಬಟ್ಟೆ ಎತ್ತಿ ನೋಡಿದ್ದರೇ, ನೋಡಿದ್ದರೆ ಭೂತಗನ್ನಡಿಯೇ ಕದ್ದು ಬಂದು ಕಾಯಿ ಸರಿಸಿದ್ದಾನೆ ಎಂದುಕೊಂಡರೇ, ಅದೇ ಗುಮಾನಿಯಲ್ಲಿ ಮಲಗಿದರೇ ಎಂಬ ಯೋಚನೆ ಅವತ್ತು ತಲೆಗೆ ಹೊಕ್ಕಿದ್ದು ಇನ್ನೂ ಹೊರಗೆ ಬಿದ್ದಿಲ್ಲ. ಪರೀಕ್ಷೆಯ ಹಾಲ್‌ನಲ್ಲಿ ಮೇಲ್ವಿಚಾರಕರು ಕಿಟಕಿಯ ಕಡೆ ತಿರುಗಿದಾಗಲೆಲ್ಲ ಅವಳಿಗೆ ಉತ್ತರಗಳು ಸಲೀಸಾಗಿ ಬಂದವು. ಕಾಪಿ ಹೊಡೆಯುವವರ ಹಾಗೆ ಎಂದುಕೊಂಡಳು; ಅವರಿಗಾದರೂ ತಾವು ಮಾಡುತ್ತಿರುವುದು ಏನೆಂದು ಗೊತ್ತಿರುತ್ತದೆ.

ಕನ್ನಡಕದಂಗಡಿಯಲ್ಲಿ ಅಪ್ಪ ಸಾಣೆ ಯಂತ್ರದ ಮುಂದಿದ್ದ. ಅವಳ ಮುಖ ನೋಡಿದವನೇ ಯಂತ್ರ ನಿಲ್ಲಿಸಿದ. ಹೇಳಿದಳು. ಅಪ್ಪ ಗಾಜಿನ ಪುಡಿ ಮೆತ್ತಿದ ಕೈಯನ್ನು ಕೋಟಿಗೆ ಒರೆಸಿಕೊಂಡು ಅವಳ ತಲೆ ಮುಟ್ಟಲು ಬಂದು, ಪುಡಿ ಇದೆಯೆಂದು ಕೈ ಹಿಂದಕ್ಕೆಳೆದುಕೊಂಡ. ಮಾಲೀಕರು ಅಂಕ ಎಷ್ಟೆಂದು ಕೇಳಿ, ತಮ್ಮ ಮಗನನ್ನು ನೆನೆಸಿಕೊಂಡು ನಿಟ್ಟುಸಿರು ಬಿಟ್ಟರು. ಹೇಗಯ್ಯಾ ಮಾಡಿಸಿದೆ ಎಂದು ಅಪ್ಪನನ್ನೇ ಕೇಳಿದರು. ಅಪ್ಪನಿಗೆ ಜಂಬ ಕೊಚ್ಚಿಕೊಂಡು ಅಭ್ಯಾಸವಿಲ್ಲ, ಆದ್ದರಿಂದ ಸರಿಯಾಗಿ ಬರಲಿಲ್ಲ. ನಾನೇನು ಮಾಡ್ದೆ ಸಾರ್, ಸುಮ್ನೆ ಎದುರಿಗೆ ಕೂತೆ ಅಷ್ಟೇ ಎಂದ. ಕಣ್ಣು ಪರೀಕ್ಷೆಗೆ ಬಂದು ಗೋಡೆಯ ಅಕ್ಷರಗಳನ್ನು ತಪ್ಪು ತಪ್ಪಾಗಿ ಓದುತ್ತಿದ್ದ ಮುದುಕರೊಬ್ಬರು, ತಂದೆ ಅಂದರೆ ಹಾಗಿರಬೇಕು, ಹೆತ್ತವರು ತ್ಯಾಗ ಮಾಡದೆ ಮಕ್ಕಳು ಉದ್ಧಾರವಾಗುವುದುಂಟೇ ಎಂದು ಅವಳ ಕಡೆ ನೋಡಿದರು. ಅವರಿಗೆ ಅವಳು ಸರಿಯಾಗಿ ಕಾಣಿಸುತ್ತಲೂ ಇರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಹಾಗೆ ಅವಳು ಹೆಗಲ ಮೇಲಿನ ಬ್ಯಾಗನ್ನು ಸರಿಮಾಡಿಕೊಂಡಳು. ಮಾಲೀಕರು ಖುಷಿಯಲ್ಲಿ ಅಪ್ಪನಿಗೆ ಬೇಗ ಹೊರಡಲು ಬಿಟ್ಟರು. ಎಲ್ಲರೂ ಇವತ್ತು ಅವಳಿಗೆ ಸಹಾಯ ಮಾಡುತ್ತಿದ್ದರು.

ಅಡ್ಡರಸ್ತೆಯವರೆಗೆ ಅಪ್ಪ ಮಾತಾಡುತ್ತಲೇ ಇದ್ದ, ಮನೆಯಲ್ಲಿ ಒಂದು ತಿಂಗಳಿಗೆ ಆಡುವಷ್ಟು. ಬೋರ್ಡು ತಂದು ಷೋಕೇಸಿನ ಮೇಲೆ ಆಟವಿದ್ದ ಹಾಗೇ ಇಡುತ್ತಾನಂತೆ. ಯಾವ ಕಾಯಿ ಎಲ್ಲಿತ್ತು ಎಂಬುದು ಅವನಿಗೆ ಬಾಯಿಪಾಠವಂತೆ; ನಿದ್ದೆ ಬಾರದಾಗ ಅದನ್ನೇ ನೋಡಿಕೊಳ್ಳುತ್ತಾನಂತೆ, ಕಣ್ಣು ಮುಚ್ಚಿ. ಸ್ಟುಡಿಯೋ ಅಂಥ ಆಟಗಾರನೇನಲ್ಲ, ಆದರೆ ಒಂದು ದಿನವೂ ಕಳ್ಳಾಟ ಆಡಿದವನಲ್ಲ, ತಾನು ಎದ್ದು ಹೋಗಿ ಬಂದರೂ ಕಾಯಿ ಕೂದಲೆಳೆಯಷ್ಟು ಸರಿದಿರುತ್ತಿರಲಿಲ್ಲ ಎಂದ. ಅವಳು ಹೂಂ ಎಂದಳು. ರಸ್ತೆಯಲ್ಲಿ ಒಂದು ನಾಯಿ ಅವಳ ಗುರುತು ಹಿಡಿದು ಬಾಲ ಅಲ್ಲಾಡಿಸಿತು. ಈ ಕಡೆಯ ನಾಯಿಗೆ ನಿನ್ನ ಪರಿಚಯ ಹೇಗೆ ಎಂದು ಅಪ್ಪ ಕೇಳಿದ್ದರೆ ಅಲ್ಲೇ ಹೇಳಿಬಿಡುತ್ತಿದ್ದಳೇನೋ. ಅಪ್ಪ ಕೇಳಲಿಲ್ಲ, ನಾಯಿಯ ತಲೆ ಸವರಿ ಮುಂದೆ ನಡೆದ.

ಸ್ಟುಡಿಯೋದಲ್ಲಿ ಮಾವನ ತಂಗಿ ಪೆಟ್ಟಿಗೆಗಳಿಗೆ ಟೇಪು ಅಂಟಿಸುತ್ತಿದ್ದರು. ಸ್ಕೂಲಿನಲ್ಲಿ ಪಾಠ ಹೇಳುವವರು, ಎಲ್ಲರಿಗೂ ಟೀಚರ್. ನಾಳೆ ಅಂಗಡಿ ಬಿಟ್ಟುಕೊಡಬೇಕು, ಒಳ್ಳೆ ಹೊತ್ತಿಗೆ ಬಂದಿರಿ, ಅದನ್ನೊಂದು ಮುಟ್ಟದೆ ಇಟ್ಟಿದ್ದೇನೆ ಎಂದು ಮೂಲೆ ತೋರಿಸಿದರು. ಸ್ಟೂಲು ಇದ್ದಲ್ಲೇ ಇತ್ತು. ಅದರ ಹಿಂದೆ ಸಮುದ್ರ ಬರೆದ ಪರದೆ ಇನ್ನೂ ತೂಗುತ್ತಿತ್ತು. ಅದನ್ನು ಕೊಳ್ಳುವವರು ಯಾರೂ ಸಿಕ್ಕಿರಲಿಲ್ಲ. ಗೋಡೆಯ ಕಡೆ ಮುಖ ಮಾಡಿದ್ದ ಮೇಜು ಖಾಲಿಯಾಗಿತ್ತು. ಅಪ್ಪ ಕಪ್ಪು ಬಟ್ಟೆಯ ಎರಡು ತುದಿ ಹಿಡಿದು, ನಿದ್ದೆ ಹೋದ ಮಗುವಿನ ಹೊದಿಕೆ ತೆಗೆಯುವವನಂತೆ ಮೆಲ್ಲಗೆ ಎತ್ತಿದ. ನೋಡಿದ. ಕನ್ನಡಕ ತೆಗೆದು ಶರ್ಟಿನ ಅಂಚಿನಿಂದ ಒರೆಸಿ ಹಾಕಿಕೊಂಡು ಇನ್ನೊಮ್ಮೆ ನೋಡಿದ.

"ಕುದುರೆ ಇಲ್ಲಿರಲಿಲ್ಲ," ಎಂದ.

ಟೀಚರ್ ಟೇಪು ಕೈಯಲ್ಲೇ ಹಿಡಿದು ತಿರುಗಿದರು. ಅಪ್ಪ ಅವರಿಗೆ ವಿವರಿಸಿದ: ಕರಿ ಕುದುರೆ ಅವರ ಅಣ್ಣನದು, ಅದು ಆ ಅಂಚಿನಲ್ಲಿತ್ತು, ಮಂತ್ರಿಗೆ ಓಡಲು ದಾರಿಯೇ ಇರಲಿಲ್ಲ, ಈಗ ನೋಡಿದರೆ ಕುದುರೆ ಬಂದು ಮಂತ್ರಿಗೆ ಕಾವಲು ನಿಂತಿದೆ. ಅಣ್ಣ ಹಾಗೆಲ್ಲ ಮಾಡೋನಲ್ಲ ಎಂದರು ಟೀಚರ್, ತರಗತಿಯಲ್ಲಿ ಮಾತು ಮುಗಿಸುವ ದನಿಯಲ್ಲಿ. ನಾನೂ ಹಾಗೇ ಅಂದ್ಕೊಂಡಿದ್ದೆ ಎಂದ ಅಪ್ಪ. ಆಮೇಲೆ ನಗಲು ನೋಡಿದ. ಹೋಗ್ಲಿ ಬಿಡಿ, ಸೋಲೋಕೆ ಯಾರಿಗೆ ತಾನೇ ಇಷ್ಟ, ಒಬ್ಬನೇ ಇದ್ದ, ಮನಸ್ಸು ತಡೀಲಿಲ್ಲ ಏನೋ ಎಂದ. ನಗು ಅರ್ಧ ದಾರಿಯಲ್ಲಿ ನಿಂತು ಅವನ ಮುಖವನ್ನು ಹಾಗೇ ಬಿಟ್ಟು ಹೋಯಿತು. "ಕೇಳಿದ್ರೆ ನಾನೇ ಆಟ ಬಿಟ್ಟುಕೊಡ್ತಿದ್ದೆ," ಎಂದ ಕೊನೆಗೆ. ಅದನ್ನು ಅವನು ಯಾರಿಗೆ ಹೇಳಿದನೋ ತಿಳಿಯಲಿಲ್ಲ, ಟೀಚರಿಗಂತೂ ಅಲ್ಲ.

ಅವಳು ಬಾಗಿಲ ಬಳಿಯೇ ನಿಂತಿದ್ದಳು. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಸತ್ತವರು ವಾದಕ್ಕೆ ಬರುವುದಿಲ್ಲ. ಅಪ್ಪ ಕಳ್ಳನೊಬ್ಬನ ಬೋರ್ಡನ್ನು ಮನೆಗೆ ಹೊತ್ತು ತರುತ್ತಾನೆ, ಪ್ಲಾಸ್ಟಿಕ್ ಕುರ್ಚಿಯ ಮರ್ಯಾದೆ ಉಳಿಯುತ್ತದೆ, ಮುಂದಿನ ಸೆಮಿಸ್ಟರಿಗೂ ಅದು ಮೇಜಿನ ಆಚೆ ಬಂದು ಕೂರುತ್ತದೆ. ಅವನಿಗೆ ಇದ್ದದ್ದು ಒಬ್ಬನೇ ಸ್ನೇಹಿತ. ಸತ್ತದ್ದು ಒಂದು ಸಲ, ಈಗ ಅವಳ ಕಣ್ಣೆದುರಿಗೇ ಇನ್ನೊಂದು ಸಲ ಹೋಗುತ್ತಿದ್ದ. ಎಂಥ ದರಿದ್ರ ಪಾಸು ಇದು ಎನಿಸಿತು. ಬಿಸಿ ತುಪ್ಪವಾಗಿದ್ದರೆ ಇಷ್ಟು ಹೊತ್ತಿಗೆ ನುಂಗಿಯಾದರೂ ಬಿಡಬಹುದಿತ್ತು.

"ಮಾವ ಸರಿಸಿದ್ದಲ್ಲ ಅಪ್ಪ. ನನ್ನ ಬ್ಯಾಗು ತಗುಲಿ ಬಿತ್ತು. ನಾನೇ ಎತ್ತಿಟ್ಟಿದ್ದು."

"ನೀನ್ಯಾಕೆ ಇಲ್ಲಿಗೆ ಬಂದಿದ್ದೆ?"

"ಓದೋಕೆ."

ಒಂದು ದಿನವಲ್ಲ, ದಿನಾ ಮಧ್ಯಾಹ್ನ, ಲೈಬ್ರರಿ ಎಂದದ್ದೆಲ್ಲ ಇದೇ ಎಂದು ಹೇಳಿದಳು. ಓದಿದ್ದೆಲ್ಲ ಇಲ್ಲೇ ಓದಿದ್ದು ಎಂದಳು. ಒಂದು ಸಲ ಬಾಯಿಬಿಟ್ಟ ಮೇಲೆ ಹೇಳುವುದು ಕಷ್ಟವಾಗಲಿಲ್ಲ, ಅದು ಅವಳಿಗೆ ಇನ್ನಷ್ಟು ನಾಚಿಕೆ ತಂದಿತು. ಟೀಚರ್ ಒಮ್ಮೆ ಅವಳನ್ನು, ಒಮ್ಮೆ ಅಪ್ಪನನ್ನು ನೋಡಿ, ಟೆಂಪೋದವನು ಬಂದನೋ ನೋಡಿಬರುತ್ತೇನೆ ಎಂದು ಹೊರಗೆ ಹೋದರು. ಅಪ್ಪ ಬೋರ್ಡಿನ ಮೇಲೆ ಬಾಗಿ ಕರಿ ಕುದುರೆಯನ್ನು ಎತ್ತಿ, ಅಂಚಿನ ಮನೆಯಲ್ಲಿಟ್ಟ. ಇನ್ನೆರಡು ಕಾಯಿಗಳನ್ನೂ ಅವುಗಳ ಜಾಗಕ್ಕೆ ಸರಿಸಿದ. ಅವಳು ಬರೆದಿದ್ದರಲ್ಲಿ ತಪ್ಪಾಗಿದ್ದದ್ದು ಮೂರೇ.

"ಹಾಗಾದ್ರೆ ಸಂಜೆ ನನ್ನೆದುರಿಗೆ ಓದ್ತಿದ್ದಿದ್ದು?"

"ಪುಟ ತಿರುಗಿಸ್ತಿದ್ದೆ."

ಅಪ್ಪ ಕುದುರೆಯ ಮೂತಿಯನ್ನು ಬೆರಳಿಂದ ನೇರ ಮಾಡಿದ. "ಚೆನ್ನಾಗೇ ತಿರುಗಿಸ್ತಿದ್ದೆ," ಎಂದ.

ಅದು ಬೈಗುಳವಲ್ಲ, ಕಸುಬು ಬಲ್ಲವನೊಬ್ಬ ಇನ್ನೊಬ್ಬರ ಕೆಲಸ ನೋಡಿ ಹೇಳುವ ಹಾಗೆ ಹೇಳಿದ. ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಎಲ್ಲಕ್ಕಿಂತ ಕೆಟ್ಟದ್ದು ಇನ್ನೂ ಒಳಗೇ ಉಳಿದಿತ್ತು, ಅದನ್ನು ಉಳಿಸಿಕೊಂಡರೆ ಇಷ್ಟು ಹೇಳಿದ್ದೂ ಪುಟ ತಿರುಗಿಸಿದ್ದೇ ಆಗುತ್ತದೆ.

"ಮಾವ ನಿನ್ನನ್ನೂ ಕರಿ ಅಂದಿದ್ರು. ನಾವು ಆಡ್ಕೊಂಡಿರ್ತೀವಿ, ನೀನು ಓದ್ಕೋ ಅಂದಿದ್ರು. ನಾನೇ ಪರೀಕ್ಷೆ ಮುಗೀಲಿ ಅಂದೆ."

ಅಪ್ಪ ಕೈಯಲ್ಲಿದ್ದ ಕಪ್ಪು ಬಟ್ಟೆಯನ್ನು ಮಡಿಸಿದ, ಮತ್ತೆ ಬಿಡಿಸಿ ಇನ್ನಷ್ಟು ಚಿಕ್ಕದಾಗಿ ಮಡಿಸಿದ. ಹೊಡೆಯಲಿ ಎಂದು ಅವಳು ಕಾದಳು. ಅವನು ಯಾವತ್ತೂ ಹೊಡೆದವನಲ್ಲ, ಆದರೂ ಕಾದಳು. ಹೊರಗೆ ಟೀಚರ್ ಟೆಂಪೋದವನಿಗೆ ಹಿಂದೆ, ಇನ್ನೂ ಹಿಂದೆ ಎಂದು ದಾರಿ ಹೇಳುತ್ತಿದ್ದರು.

"ಎಲ್ಲಿ ಕೂರ್ತಿದ್ದೆ?" ಎಂದು ಕೇಳಿದ.

ಸ್ಟೂಲು ತೋರಿಸಿದಳು. ಅಪ್ಪ ಹೋಗಿ ಅದರ ಮೇಲೆ ಕೂತ. ಮೊಣಕಾಲ ಮೇಲೆ ಕೈ ಊರಿದ, ಮಡಿಸಿದ ಬಟ್ಟೆ ಒಂದು ಕೈಯ ಕೆಳಗಿತ್ತು. ಫೋಟೋಕ್ಕೆ ಕೂತವರ ಹಾಗೆ ಕಾಣುತ್ತಿದ್ದ.

"ಇಲ್ಲಿಂದ ಅವನು ಕಾಣ್ತಿದ್ನಾ?"

"ಬೆನ್ನು ಕಾಣ್ತಿತ್ತು."

"ತಿರುಗಿ ನೋಡ್ತಿರ್ಲಿಲ್ವಾ?"

"ಇಲ್ಲಪ್ಪ."

ಅಪ್ಪ ಗೋಡೆಯ ಕಡೆಯ ಖಾಲಿ ಮೇಜನ್ನು ನೋಡುತ್ತ ಕೂತ. ಅವನ ಗಲ್ಲ ಅಲುಗತೊಡಗಿದ್ದು ಅವಳಿಗೆ ಕಂಡಿತು. ಅವಳು ಹೋಗಿ ಅವನ ಹಿಂದೆ ನಿಂತು, ಅವನಿಗೆ ಬೆನ್ನು ಹಾಕಿ, ಪರದೆಯ ಕಡೆ ತಿರುಗಿಕೊಂಡಳು. ಸಮುದ್ರಕ್ಕೆ ಬಳಿದ ನೀಲಿ ಅಲ್ಲಲ್ಲಿ ಚಕ್ಕೆ ಎದ್ದಿತ್ತು, ಒಂದು ಹಡಗಿಗೆ ಹೊಗೆ ಇತ್ತು, ಕೊಳವೆ ಇರಲಿಲ್ಲ. ಇಷ್ಟು ದಿನ ಕೂತರೂ ಇದನ್ನು ನೋಡಿಯೇ ಇರಲಿಲ್ಲವಲ್ಲ ಎಂದುಕೊಂಡಳು. ಹಿಂದೆ ಸ್ಟೂಲು ಕಿರುಗುಟ್ಟಿತು. ಅಪ್ಪ ಮೂಗೊರೆಸಿಕೊಂಡ ಸದ್ದು ಕೇಳಿತು, ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ ಕೇಳಿತು. ಅವಳು ತಿರುಗಿ ನೋಡಲಿಲ್ಲ.